ಚಿಕ್ಕ ಟರ್ಬೊ ಸಾಕು

"ದೊಡ್ಡ ಟರ್ಬೊನೇ ಹಾಕಿಬಿಡಿ," ಅಂದಳು ಅವಳು, ಮೆಕ್ಯಾನಿಕ್ ಮುಖ ನೋಡದೆ.

ಬಾನೆಟ್ ಎತ್ತಿದ ಹಳೆಯ ಸ್ಪೋರ್ಟ್ಸ್ ಕಾರಿನ ಆಚೆ ನಿಂತು ಅವನು ಕೈ ಒರೆಸಿಕೊಳ್ಳುತ್ತಿದ್ದ. ಬಟ್ಟೆ ಅಲ್ಲೇ ನಿಂತಿತು.

ಕಾರು ಅವಳ ಗಂಡನದು. ತನ್ನ ಪಾಡಿಗೆ ತಾನು ಗಾಳಿ ಎಳೆದುಕೊಂಡು ಓಡುವ ಎಂಜಿನ್. ಅದಕ್ಕೊಂದು ಟರ್ಬೊ ಕೂರಿಸಿ, ಹೊರಹೋಗುವ ಹೊಗೆಯ ರಭಸದಿಂದಲೇ ಒಳಗೆ ಇನ್ನಷ್ಟು ಗಾಳಿ ನೂಕಿಸಬೇಕೆಂದು ಅವನಿಗೆ ಆಸೆ. ಆಸೆ ಉಳಿಯಿತು, ಅವನು ಉಳಿಯಲಿಲ್ಲ. ಅದನ್ನಾದರೂ ತೀರಿಸೋಣವೆಂದು ಅವಳು ಈ ಶೆಡ್ಡಿಗೆ ಬಂದಿದ್ದಳು.

ಮೊದಮೊದಲು ಬಂದದ್ದು ಅದಕ್ಕೇ.

ಆಮೇಲೆ ಅವಳು ಬರುವ ಹೊತ್ತಿಗೆ ಸ್ಟೂಲಿನ ಮೇಲೆ ಮಡಿಸಿದ ಪೇಪರ್ ಇರತೊಡಗಿತು, ಸೀರೆಗೆ ಗ್ರೀಸ್ ತಾಗದಿರಲೆಂದು. ಸ್ಪ್ಯಾನರ್ ಕೇಳಿದರೆ ಅವಳು ಸರಿಯಾದದ್ದನ್ನೇ ಕೊಡತೊಡಗಿದಳು. ತಪ್ಪಿದ್ದನ್ನು ಕೊಟ್ಟಾಗ ಅವನು ಹುಬ್ಬು ಏರಿಸುತ್ತಿದ್ದ ರೀತಿಗಾಗಿ, ಕೆಲವೊಮ್ಮೆ ಬೇಕೆಂದೇ ತಪ್ಪಿದ್ದನ್ನು ಕೊಟ್ಟಳು.

ಇವತ್ತು ಹೊರಡುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಗಾಡಿ ನೋಡೋಕೆ ಹೋಗೋರು ಇಷ್ಟು ಹೊತ್ತು ಕನ್ನಡಿ ನೋಡ್ತಾರೇನೇ?" ಅಂದರು. ನಗುತ್ತಲೇ ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು. ದಾರಿಯುದ್ದಕ್ಕೂ ಆ ನಗು ಚಪ್ಪಲಿಯೊಳಗಿನ ಕಲ್ಲಿನಂತೆ ಚುಚ್ಚಿತು.

"ಚಿಕ್ಕದು ಬರೋವರೆಗೂ ಕಾಯೋಣ ಮೇಡಂ," ಅವನು ಎಂದಿನಂತೆ ಅಂದ. "ದೊಡ್ಡದರ ಒತ್ತಡ ಈಗಿರೋ ಪಿಸ್ಟನ್ ತಡ್ಕೊಳ್ಳಲ್ಲ. ಎಂಜಿನ್ ಬಿಚ್ಚಿ ಎಲ್ಲಾ ಬದಲಾಯಿಸ್ಬೇಕಾಗತ್ತೆ. ತಿಂಗಳುಗಟ್ಟಲೆ ಕೆಲಸ."

"ಆಗ್ಲಿ."

ತೀರಾ ಬೇಗ ಬಂತು ಆ ಮಾತು. ಅವನು ಎಂಜಿನ್ ಕಡೆ ನೋಡಿದ.

"ಆ ಪಿಸ್ಟನ್ ಅವರೇ ಕೂರಿಸಿದ್ದು ಅಂದಿದ್ರಿ."

ಹೌದು. ಊಟದ ಮೇಜಿನ ಮೇಲೆ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ, ಅರದಿಂದ ಉಜ್ಜಿ, ಮತ್ತೆ ತೂಗಿ. ಹಿಟ್ಟೆಲ್ಲ ಆಯಿಲ್ ವಾಸನೆ ಅಂತ ಅವಳು ಜಗಳ ತೆಗೆದಿದ್ದಳು. ಎಲ್ಲಾ ಒಂದೇ ತೂಕಕ್ಕೆ ಬಂದ ದಿನ ಗಂಡ ಗೆದ್ದವನಂತೆ ಅವಳನ್ನು ಎಬ್ಬಿಸಿ ತೋರಿಸಿದ್ದ. ಅವುಗಳನ್ನು ಕಿತ್ತು ಹಾಕಲು ಈಗ ಅವಳೇ ಒಪ್ಪಿದ್ದಳು, ಈ ಸ್ಟೂಲಿನ ಮೇಲೆ ಇನ್ನಷ್ಟು ದಿನ ಕೂರುವ ಆಸೆಗೆ.

ಅವಳು ಮೆಕ್ಯಾನಿಕ್ ಮುಖ ನೋಡಿದಳು.

"ಬೇಡ. ದೊಡ್ಡದು ಹೊಂದಲ್ಲ ಅಂತ ನಂಗೆ ಗೊತ್ತಿತ್ತು. ಕೆಲಸ ಮುಗಿಯೋದು ಬೇಕಿರ್ಲಿಲ್ಲ, ಅಷ್ಟೆ. ಅವರ ಹೆಸರು ಹೇಳ್ಕೊಂಡು ನಿಮ್ಮನ್ನ ನೋಡೋಕೆ ಬರ್ತಿದೀನಿ."

ಅವನು ಬಟ್ಟೆ ಕೆಳಗಿಟ್ಟ. ಮೂಲೆಯ ರ್‍ಯಾಕಿನಲ್ಲಿ ಹಳೆಯ ಸೀಟ್ ಕವರ್ ಸರಿಸಿ, ಧೂಳು ಹಿಡಿದ ಡಬ್ಬವೊಂದನ್ನು ತಂದು ಅವಳ ಮುಂದಿಟ್ಟು, ಮತ್ತೆ ಕಾರಿನ ಆಚೆಗೆ ಹೋಗಿ ನಿಂತ.

"ಚಿಕ್ಕದು," ಅಂದ. "ಬಂದು ಬಹಳ ದಿನ ಆಯ್ತು."

"ಇನ್ನೂ ಬಂದಿಲ್ಲ ಅಂತಿದ್ರಲ್ಲ?"

"ಅಂತಿದ್ದೆ." ಕಿವಿ ಕೆಂಪಗಾಗಿತ್ತು. "ಬಂತು ಅಂದ್ರೆ ನೀವು ಬರೋದು ನಿಂತುಹೋಗತ್ತಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ಅರ್ಧಕ್ಕೇ ಹೆದರಿ ಬಾಯಿ ಮುಚ್ಚಿಕೊಂಡಳು. ಅವನು ಹತ್ತಿರ ಬರಲಿಲ್ಲ. ನಡುವೆ ಕಾರು ಇರಗೊಟ್ಟ.

ಚಿಕ್ಕ ಟರ್ಬೊವನ್ನೇ ಕೂರಿಸಿ, ಒತ್ತಡ ಕಡಿಮೆ ಇಟ್ಟರು. ಪಿಸ್ಟನ್ ಮುಟ್ಟಲಿಲ್ಲ. ಕೆಲಸ ಮುಗಿದ ದಿನ ಅವಳು ಅತ್ತೆಗೆ ಎಲ್ಲಿಗೆ, ಯಾರ ಜೊತೆ ಎಂದು ಹೇಳಿಯೇ ಬಂದಳು. ಅವರು, "ಗಾಡಿ ನಿಧಾನ," ಅಂದಿದ್ದರು.

ಸ್ಟೀರಿಂಗ್ ಕಡೆಯ ಬಾಗಿಲು ತೆರೆದಳು. ಸೀಟು ಇನ್ನೂ ಗಂಡನ ಉದ್ದ ಕಾಲುಗಳ ಅಳತೆಗೇ ಹಿಂದಿತ್ತು.

"ಓಡಿಸಿ ನೋಡುವಾಗ ನೀವು ಸರಿಸ್ಕೊಳ್ಳಲಿಲ್ವಾ?"

"ತುದೀಲಿ ಕೂತ್ಕೊಂಡೇ ಓಡಿಸಿದೆ," ಅಂದ. "ಸರಿಸೋದು ನನ್ನ ಕೆಲಸ ಅಲ್ಲ ಅನ್ನಿಸ್ತು."

ಅವಳು ಕೂತಳು. ಸೀಟಿನ ಕೆಳಗೆ ಕೈ ಹಾಕಿ ಹಿಡಿಕೆ ಹುಡುಕಿದಳು. ಒಬ್ಬನಿಗೆ ಮನಸ್ಸಿನಲ್ಲೇ ಕ್ಷಮಿಸು ಅಂದಳು. ಸೀಟನ್ನು ಮುಂದಕ್ಕೆಳೆದುಕೊಂಡು, ಪಕ್ಕದ ಬಾಗಿಲು ತೆರೆದು, ಇನ್ನೊಬ್ಬನಿಗೆ ಹೇಳಿದಳು:

"ಹತ್ತಿ."