ಬೆಂಕಿಗೆ ಬೀಳದ ಕೊಕ್ಕರೆಗಳು

1626ರ ಮಾರ್ಚ್ ಆರು, ಸೋಮವಾರ ಬೆಳಗ್ಗೆ ದೂರು ಬಂದಾಗ ಹೋಬಳಿಯ ಹಿರಿಯ ಕಾನ್‌ಸ್ಟೇಬಲ್ ಆಂಬ್ರೋಸ್ ಟಿಲ್ಲಿ ಕುರಿಯ ಗೊರಸು ಕೆತ್ತುತ್ತಿದ್ದ. ಠಾಣೆಯೆಂದರೆ ಅವನ ಮನೆಯೇ. ಸಂಬಳವಿಲ್ಲದ ಹುದ್ದೆ, ಒಲ್ಲೆ ಎನ್ನುವಂತೆಯೂ ಇರಲಿಲ್ಲ.

ದೂರು ಜಿಲ್ಲೆಯ ಶೆರೀಫ್ ಸರ್ ಜೆರೋಮ್ ವೆಕ್ಸ್‌ಕಮ್ ಅವರದು. ಟಿಲ್ಲಿ ಅವರ ಗೇಣಿದಾರ. ಸರ್ಕೀಟು ಬರುವ ನ್ಯಾಯಾಧೀಶರನ್ನು ಎದುರುಗೊಳ್ಳುವ ಆಳುಗಳಿಗೆಂದು ಹೊಲಿಸಿದ್ದ ನಲವತ್ತು ಕೋಟುಗಳು, ಅವನ್ನಿಟ್ಟಿದ್ದ ಬಿಯರ್ ಕಾಯಿಸುವ ಕೊಠಡಿಯ ಸಮೇತ ಬೂದಿಯಾಗಿದ್ದವು. ಅಪರಾಧಿಯನ್ನೂ ಸರ್ ಜೆರೋಮ್ ಆಗಲೇ ಹಿಡಿಸಿ ಸೆರೆಮನೆಗೆ ಹಾಕಿಸಿದ್ದರು. ಪಕ್ಕದ ಜಮೀನ್ದಾರ ಹಾರ್ಬಿನ್ನರ ಕುದುರೆಯಾಳು ನೆಡ್ ಕೋಬ್ಲಿ ಬೆಳಗಿನ ಜಾವ ಆ ಕೊಠಡಿಯ ಪಕ್ಕದ ಓಣಿಯಲ್ಲಿ ಕಂಡಿದ್ದನಂತೆ. ಕಟ್ಟಡಕ್ಕೆ ಬೆಂಕಿಯಿಟ್ಟವನಿಗೆ ನೇಣು. ನ್ಯಾಯಾಧೀಶರು ಬರುವುದು ಬರುವ ಸೋಮವಾರ.

"ಹಾರ್ಬಿನ್ನೇ ಹೇಳಿ ಮಾಡ್ಸಿದ್ದು. ಬರ್ಕೊ," ಎಂದರು ಸರ್ ಜೆರೋಮ್.

"ಬರ್ಕೊಳ್ತೀನಿ ಧಣಿ. ಜಾಗ ಒಂದ್ಸಲ ನೋಡ್ಬಿಡ್ತೀನಿ."

"ಬೂದೀಲಿ ನೋಡೋಕೇನಿದೆಯಯ್ಯ? ಜಮೀನಿನ ಗುತ್ತಿಗೆಗೆ ನಿನ್ನ ಮಗನ ಹೆಸರು ಸೇರಿಸ್ಬೇಕು ಅಂತಿದ್ದೆಯಲ್ಲ, ಅದನ್ನ ನೋಡ್ಕೋ."

ಟಿಲ್ಲಿ ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಇಬ್ಬರು ನೆರೆಯವರನ್ನು ಪಂಚರಾಗಿ ಕರೆದು ಬೂದಿ ಜರಡಿ ಹಿಡಿಸಿದ. ಗುಂಡಿಗಳು ಸಿಕ್ಕವು, ಕೊರಳಪಟ್ಟಿಯ ಕೊಕ್ಕೆಗಳು ಸಿಕ್ಕವು. ಪ್ರತಿ ಕೋಟಿನ ಎದೆಯ ಮೇಲೂ ಇರಬೇಕಾಗಿದ್ದ ವೆಕ್ಸ್‌ಕಮ್ ಮನೆತನದ ಲಾಂಛನ, ಹಿತ್ತಾಳೆ ತಂತಿಯ ಕೊಕ್ಕರೆ, ಒಂದೂ ಸಿಗಲಿಲ್ಲ. ಪಂಚನಾಮೆಯಲ್ಲಿ ಹಾಗೆಯೇ ದಾಖಲಾಯಿತು.

ದರ್ಜಿಯ ವಿಚಾರಣೆ ಬೇಗ ಮುಗಿಯಿತು.

"ಕೊಕ್ಕರೆ ಎಲ್ಲಕ್ಕೂ ಹೊಲಿದಿದ್ಯಾ?"

"ಎಲ್ಲಕ್ಕೂ. ಬೆರಳು ನೋಡಿ, ಜರಡಿ ಆಗೋಗಿದೆ."

"ಬೆಂಕೀಲಿ ಹೋಗಿರಬಹುದಾ?"

"ಬಟ್ಟೆ ಹೋಗ್ಬಹುದು ಸ್ವಾಮಿ, ಹಕ್ಕಿ ಹೋಗಲ್ಲ."

ಮಂಗಳವಾರ ಸೆರೆಮನೆಯಲ್ಲಿ ನೆಡ್ ಸಿಕ್ಕ. ಓಣಿಗೆ ಯಾಕೆ ಹೋಗಿದ್ದೆ ಎಂದು ಟಿಲ್ಲಿ ಕೇಳಿದ.

"ಕುದುರೆ ತಪ್ಪಿಸ್ಕೊಂಡಿತ್ತಣ್ಣ. ಅದನ್ನ ಸಾಕ್ಷಿಗೆ ಕರೀತೀಯಾ?" ಎಂದ ನೆಡ್. ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದ.

ಮನೆಗೆ ಬರುವ ದಾರಿಯುದ್ದಕ್ಕೂ ಟಿಲ್ಲಿಗೆ ಬೇರೆ ಯೋಚನೆಯಿರಲಿಲ್ಲ. ವೈರಿಯಾದರೆ ಮೊದಲು ಕೊಕ್ಕರೆಯನ್ನೇ ಸುಡುತ್ತಿದ್ದ. ಕಳ್ಳನಾದರೆ ಅದನ್ನು ಈ ಜಿಲ್ಲೆಯಲ್ಲಿ ಯಾರಿಗೆ ಮಾರಿಯಾನು? ಬೆಂಕಿಯಿಡುವ ಮುಂಚೆ ಯಾರೋ ಕೂತು, ಒಂದೊಂದೇ ಹೊಲಿಗೆ ಬಿಚ್ಚಿ, ಹಕ್ಕಿಗಳನ್ನು ಮಡಿಲಿಗೆ ಹಾಕಿಕೊಂಡಿದ್ದರು. ಆ ಹಕ್ಕಿಯ ಮೇಲೆ ಅಷ್ಟು ಭಕ್ತಿಯಿದ್ದವರು ಊರಿನಲ್ಲಿ ಒಬ್ಬರೇ. ಹೆಂಡತಿ ಆ ರಾತ್ರಿ ಗುತ್ತಿಗೆಯ ಮಾತೆತ್ತಿದಳು. ಟಿಲ್ಲಿ ಊಟ ಮುಗಿಸಿ ಪಂಚನಾಮೆಯನ್ನು ಇನ್ನೊಮ್ಮೆ ಓದಿದ.

ಜಿಲ್ಲೆಯಲ್ಲಿ ಯಾರನ್ನೇ ಬಂಧಿಸಬೇಕಾದರೂ ಆಜ್ಞೆ ಹೋಗುವುದು ಶೆರೀಫರಿಗೆ. ಶೆರೀಫರನ್ನೇ ಬಂಧಿಸಬೇಕಾದರೆ ಕರೋನರ್ ಬರಬೇಕು. ಬುಧವಾರ ಟಿಲ್ಲಿ ಹೋದದ್ದು ಆ ಕರೋನರ್, ಹೆಣ ನೋಡುವುದೇ ಕೆಲಸವಾಗಿದ್ದ ಮುದುಕ ಸ್ಟ್ಯೂಕ್ಲಿಯವರಲ್ಲಿಗೆ. ಅವರು ಎಲ್ಲ ಕೇಳಿಸಿಕೊಂಡು, ಈ ಕಾನೂನು ಓದಿದ್ದೇನೆ, ಬಳಸುವಷ್ಟು ಹುಚ್ಚನನ್ನು ಇವತ್ತೇ ನೋಡಿದ್ದು ಎಂದು ಟೋಪಿ ಹುಡುಕಿದರು.

ಗುರುವಾರ ಮಧ್ಯಾಹ್ನ ಶೋಧ. ಸರ್ ಜೆರೋಮರ ಮಲಗುವ ಕೋಣೆಯ ಪೆಟ್ಟಿಗೆಯಲ್ಲಿ, ಅವರ ತಂದೆಯ ಮಖಮಲ್ಲಿನ ನಿಲುವಂಗಿಯೊಳಗೆ, ಕೊಕ್ಕರೆಗಳು ಒಂದೇ ದಿಕ್ಕಿಗೆ ಮುಖಮಾಡಿ ಮಲಗಿದ್ದವು.

ಸರ್ ಜೆರೋಮ್ ಅಲ್ಲಗಳೆಯಲಿಲ್ಲ. ಲಂಡನ್ನಿನಲ್ಲಿ ಯಾರ್ಯಾರದೋ ಕಿವಿ ಕಚ್ಚಿ ತಮ್ಮನ್ನು ಶೆರೀಫ್ ಮಾಡಿಸಿದವನೇ ಹಾರ್ಬಿನ್ ಎಂದರು. ಶೆರೀಫನಾದವನು ಆ ವರ್ಷ ಊರ ನ್ಯಾಯಪೀಠದಲ್ಲಿ ಕೂರುವಂತಿಲ್ಲ, ಪಾರ್ಲಿಮೆಂಟಿಗೆ ಹೋಗುವಂತಿಲ್ಲ, ಜಿಲ್ಲೆಯ ಗಡಿ ದಾಟುವಂತಿಲ್ಲ. ಅವರು ಬಿಟ್ಟೆದ್ದ ಎರಡೂ ಕುರ್ಚಿಗಳಲ್ಲಿ ಈಗ ಹಾರ್ಬಿನ್ ಕೂತಿದ್ದ.

"ಸನ್ಮಾನ ಅಂತ ಬೇಲಿ ಹಾಕಿದ ಕಣಯ್ಯ. ಬಂದೋರೆಲ್ಲ ಶುಭಾಶಯ ಬೇರೆ ಹೇಳಿದ್ರು."

"ನೆಡ್ ನೇಣಿಗೆ ಹೋಗ್ತಿದ್ದ, ಧಣಿ."

ಸರ್ ಜೆರೋಮ್ ಹುಬ್ಬೇರಿಸಿದರು. "ಅವನು ಹಾರ್ಬಿನ್ನನ ಆಳಲ್ಲವೇ?"

ಬೇಲಿ, ಕುದುರೆ, ಕೊರಳು ಎಲ್ಲವೂ ಅವರ ಲೆಕ್ಕದಲ್ಲಿ ಹಾರ್ಬಿನ್ನನ ಆಸ್ತಿ. ಅದನ್ನು ಟಿಲ್ಲಿ ಹೇಳಿಕೆಯಲ್ಲಿ ಬರೆಯಲಿಲ್ಲ.

ಸೆರೆಮನೆಯ ಬೀಗ ತೆರೆಯಲು ಶೆರೀಫರ ರುಜು ಬೇಕಿತ್ತು. ನೆಡ್‌ನ ಬಿಡುಗಡೆಗೆ ರುಜು ಹಾಕಿಸಿಕೊಂಡ ಮೇಲೆಯೇ ಸ್ಟ್ಯೂಕ್ಲಿ ಬಂಧನದ ಮಾತು ಉಚ್ಚರಿಸಿದರು. ಇಲ್ಲಿನ ಸೆರೆಮನೆ ಸರ್ ಜೆರೋಮರ ಕೈಕೆಳಗಿನದು, ತಮಗೆ ತಾವೇ ಕೈದಿಯಾಗಲು ಬರುವುದಿಲ್ಲ. ಆದ್ದರಿಂದ ಹೊಳೆಯಾಚೆಯ ಜಿಲ್ಲೆಗೆ ಒಯ್ಯಬೇಕೆಂದು ತೀರ್ಮಾನವಾಯಿತು.

ಸೇತುವೆಯ ನಡುವೆ ಟಿಲ್ಲಿಯ ಅಧಿಕಾರ ಮುಗಿಯುತ್ತಿತ್ತು. ಅವನು ಸರ್ ಜೆರೋಮರ ಕುದುರೆಯ ಲಗಾಮು ಆಚೆಯವರ ಕೈಗಿತ್ತ. ನವೆಂಬರಿನಲ್ಲಿ ಶೆರೀಫರಾದಾಗಿನಿಂದ ದಾಟದ ಗಡಿಯನ್ನು ದಾಟಿದ ಸರ್ ಜೆರೋಮ್ ಉದ್ದಕ್ಕೆ ಉಸಿರೆಳೆದುಕೊಂಡರು. ತಿರುಗಿ ನೋಡಿ, ಗುತ್ತಿಗೆಯ ವಿಚಾರ ಇನ್ನು ನನ್ನ ಮಗನ ಹತ್ತಿರ ಮಾತಾಡು ಎಂದರು, ಸಿಟ್ಟಿಲ್ಲದೆ.

ಟಿಲ್ಲಿ ವೆಕ್ಸ್‌ಕಮ್ ನೆಲದ ಮೇಲೆ, ವೆಕ್ಸ್‌ಕಮ್ ಬೇಲಿಗಳ ನಡುವೆ, ವೆಕ್ಸ್‌ಕಮ್‌ನವರ ಮನೆಗೆ ನಡೆದ. ಅದು ಅವನ ಮನೆಯೂ ಆಗಿತ್ತು, ಸದ್ಯಕ್ಕೆ.