ಕೆಂಚಿಗೆ ಕೊಟ್ಟ ಮೂರನೇ ಚುಚ್ಚುಮದ್ದು

"ನಾಲ್ಕು ಗಂಟೆಗೆ ಕೆಂಚಿಯನ್ನ ಸಾಯಿಸ್ತಾರಂತೆ ಅಮ್ಮ. ಅದಕ್ಕೆ ನಾನೇ ಕಾರಣ ಅಂತಿದ್ದಾರೆ."

ಕುದುರೆ ಡಾಕ್ಟರು ನಮ್ಮ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ಮೂರಾಗುತ್ತಾ ಬಂದಿತ್ತು. ನನ್ನ ಅತ್ತೆ ಮೂವತ್ತು ವರ್ಷ ರಕ್ತನಿಧಿಯಲ್ಲಿ ದುಡಿದವರು. ಎದುರಿನ ಲಾಯದಲ್ಲಿ ಏನು ಕೆಟ್ಟರೂ ಜನ ಹುಡುಕಿಕೊಂಡು ಬರುತ್ತಿದ್ದುದು ಅವರನ್ನೇ. ಅವರು ಚಪ್ಪಲಿ ಮೆಟ್ಟಿದರು. ನಾನು ಎಂದಿನಂತೆ ಹಿಂಬಾಲಿಸಿದೆ.

ಆ ಲಾಯದ ಹೆಣ್ಣುಕುದುರೆ ಕೆಂಚಿಯ ಮುಂಗಾಲಿನ ಮಂಡಿ ಸವೆದಿತ್ತು. ಅದರದೇ ರಕ್ತದಿಂದ ಸೀರಮ್ ಎಂಬ ತಿಳಿದ್ರವವನ್ನು ಒಂದೇ ಸಲಕ್ಕೆ ತಯಾರಿಸಿ, ಶೀತಪೆಟ್ಟಿಗೆಯಲ್ಲಿಟ್ಟು, ವಾರಕ್ಕೊಮ್ಮೆ ಕೀಲಿಗೆ ಚುಚ್ಚಿದ್ದರು. ಎರಡು ಸಲ ಏನೂ ಆಗಲಿಲ್ಲ. ಮೂರನೆಯದು ಕೊಟ್ಟ ಆರೇ ಗಂಟೆಯಲ್ಲಿ ಮಂಡಿ ಊದಿಕೊಂಡಿತು. ಸೂಜಿಯಿಂದ ಕೀಲಿಗೆ ಸೋಂಕಾಗಿದೆ, ಇನ್ನು ಉಳಿಸಿ ಫಲವಿಲ್ಲ ಎಂದು ಲಾಯದ ಮಾಲೀಕರು ತೀರ್ಮಾನಿಸಿದ್ದರು.

"ಕೀಲಿನ ನೀರು ಪರೀಕ್ಷೆಗೆ ಹೋಯ್ತಾ?" ಅತ್ತೆ ಕೇಳಿದರು.

"ಮೂರು ದಿನ ಆಯ್ತು. ಅದರಲ್ಲಿ ಯಾವ ಕ್ರಿಮಿಯೂ ಬೆಳೆದಿಲ್ಲ. ಆದ್ರೂ ಸೋಂಕಿಲ್ಲ ಅಂತ ಆಣೆ ಹಾಕೋಕಾಗಲ್ಲ."

ಲಾಯದಲ್ಲಿ ಕೆಂಚಿ ಮೂರು ಕಾಲಿನ ಮೇಲೆ ನಿಂತಿತ್ತು. ಮಂಡಿಯ ಕೂದಲು ಬೋಳಿಸಿದ್ದರು. ಕುತ್ತಿಗೆಯ ಕೆಂಪು ಕೂದಲು ಎಲ್ಲೂ ಕೆದರದೆ ಮಿನುಗುತ್ತಿತ್ತು. ಎಲ್ಲರೂ 'ಮೀಸೆ' ಎಂದು ಕರೆಯುವ ಹಳೆಯ ಲಾಯದಾಳು ಮಂಡಿಗೆ ತಣ್ಣೀರು ಬಟ್ಟೆ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. ಪಕ್ಕದ ಮುದಿ ಕುದುರೆ 'ತಾತ' ಕತ್ತು ಚಾಚಿದ. ಅತ್ತೆ ಅವನ ಕುತ್ತಿಗೆ ಕೆರೆದರು.

"ಏನೋ ತಾತ, ಇಲ್ಲಿ ಅಂಗೈಯಗಲ ಕೂದಲು ಗಿಡ್ಡ? ಹಜಾಮತಿ ಅರ್ಧಕ್ಕೇ ನಿಂತಿತಾ?"

ಅತ್ತೆ ಮಾಲೀಕರನ್ನೂ ಸೇರಿಸಿ ಎಲ್ಲರನ್ನೂ ಮೇವಿನ ಕೋಣೆಗೆ ಕರೆದರು.

"ಕೊಳಕು ಸೂಜಿ. ಇದರಲ್ಲಿ ತನಿಖೆ ಏನು ಬಂತು?" ಎಂದರು ಮಾಲೀಕರು.

"ಸೋಂಕು ಇಷ್ಟು ಬೇಗ ಮಂಡಿ ಊದಿಸೋದು ಅಪರೂಪ," ಎಂದರು ಅತ್ತೆ. "ಎರಡು ಸಲ ಸುಮ್ಮನಿದ್ದ ಮೈ ಮೂರನೇ ಸಲ ಸಿಡಿದೆದ್ದಿದೆ. ಹೊರಗಿನದೇನೋ ಒಳಗೆ ಬಂದಿದೆ ಅಂತ ಅದಕ್ಕೆ ಗೊತ್ತಾಗಿದೆ. ತನ್ನದೇ ರಕ್ತದ ಮೇಲೆ ಅದು ಯಾಕೆ ಹೀಗೆ ರೇಗುತ್ತೆ? ಡಾಕ್ಟ್ರೇ, ರಕ್ತ ತೆಗೆಯೋ ಮುಂಚೆ ಕುತ್ತಿಗೆ ಕೂದಲು ಬೋಳಿಸ್ತೀರಲ್ವಾ?"

"ಹೌದು..."

"ಕೆಂಚಿ ಕುತ್ತಿಗೆಗೆ ಬ್ಲೇಡೇ ತಾಗಿಲ್ಲ. ಬೋಳಿಸಿ ಮತ್ತೆ ಚಿಗುರ್ತಿರೋದು ತಾತನ ಕುತ್ತಿಗೇಲಿ. ಅವತ್ತು ರಕ್ತ ತೆಗೆದೋರು ಯಾರು?"

ಡಾಕ್ಟರ ಮುಖ ಬಿಳಿಚಿತು. "ಇನ್ನೊಂದು ಲಾಯದಲ್ಲಿ ಹೆರಿಗೆ ಕಷ್ಟ ಅಂತ ಫೋನ್ ಬಂತು. ಮೀಸೆಗೆ ಒಪ್ಪಿಸಿ ಓಡಿದೆ. ಬಂದಾಗ ಟ್ಯೂಬುಗಳ ಮೇಲೆ ಕೆಂಚಿ ಹೆಸರಿತ್ತು. ನಾನು ವಿಚಾರಿಸಲಿಲ್ಲ."

ಮೀಸೆ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡುತ್ತಲೇ ಇದ್ದ. "ಮಂಡಿಗೆ ಚುಚ್ಚೋವಾಗಾದ್ರೆ ಮತ್ತು ಬರೋ ಮದ್ದು ಕೊಡ್ತಾರೆ. ಕುತ್ತಿಗೆಗೆ ಸೂಜಿ ಅಂದ್ರೆ ನನ್ನ ಮಗಳು ಕೆಂಚಿ ಹೆದರಿ ನಡುಗಿಬಿಡ್ತಾಳೆ ಅಮ್ಮ. ತಾತ ಏನು ಮಾಡಿದ್ರೂ ಸುಮ್ಮನಿರ್ತಾನೆ. ಕುದುರೆ ರಕ್ತ ಎಲ್ಲಾ ಒಂದೇ ಅಂದ್ಕೊಂಡೆ."

ಮಾಲೀಕರು ಗಡಿಯಾರ ನೋಡಿದರು. ನಾಲ್ಕಕ್ಕೆ ಹತ್ತು ನಿಮಿಷವಿತ್ತು. "ಇದಕ್ಕೆ ಸಾಕ್ಷಿ?"

"ಸೀರಮ್ ಇನ್ನೂ ಸ್ವಲ್ಪ ಉಳಿದಿದೆ. ಎರಡೂ ಕುದುರೆಗಳ ರಕ್ತದ ಜೊತೆ ಲ್ಯಾಬಿನೋರು ಹೋಲಿಸಿ ನೋಡಲಿ. ನಾನು ಹೇಳಿದ್ದೇ ನಿಜವಾದ್ರೆ ಈ ಊತ ಇಳಿಯೋ ಊತ."

"ನಾಳೆವರೆಗೆ ಕಾಯ್ತೀನಿ," ಎಂದರು ಮಾಲೀಕರು.

ಡಾಕ್ಟರು ಈ ಸಲ ತಾವೇ ಕೆಂಚಿಯ ಕುತ್ತಿಗೆ ಬೋಳಿಸಿದರು. ಹಗ್ಗ ಹಿಡಿದು ನಿಂತ ಮೀಸೆ ಕಣ್ಣು ಮುಚ್ಚಿಕೊಂಡ. ಸೂಜಿ ಒಳಗಿಳಿಯಿತು. ಕೆಂಚಿ ಮೂತಿಯನ್ನು ಅವನ ಹೆಗಲಿಗೊರಗಿಸಿ, ಟ್ಯೂಬು ತುಂಬುವವರೆಗೂ ಕದಲದೆ ನಿಂತಿತು.

"ಹೀಗೆ ನಿಂತ್ಕೋತೀಯ ಅಂತ," ಮೀಸೆಯ ದನಿ ಒಡೆಯಿತು, "ಅವತ್ತೇ ಹೇಳಬಾರದಿತ್ತೇನೇ?"