ಎಲ್ಲರ ಸೆರಗೂ ಕೆಂಪು

"ಸೆರಗು ಬಿಟ್ಟಿ ಅಂದ್ರ ನೋಡ್ ಮತ್ತ! ಈ ಗದ್ದಲದಾಗ ನಿನ್ನ ಹುಡುಕೋರು ಯಾರೂ ಇಲ್ಲ!" ಅಂದಳು ಅಪ್ಪನ ಅಕ್ಕ ಅನ್ನಮ್ಮತ್ತಿ.

ಮರಿಲಿಂಗಮ್ಮ ಅವ್ವನ ಕೆಂಪು ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು. ಹಿಡಿದದ್ದು ಕೈ, ಕಾಲು ಮಾತ್ರ ನಿಂತಲ್ಲಿ ನಿಲ್ಲಲೊಲ್ಲವು. ಶಹಾಪುರದ ಸಂತೆಯನ್ನು ಅವಳು ಬೇಕಾದಷ್ಟು ಸಲ ನೋಡಿದ್ದಳು. ಯಾದಗಿರಿ ಟೇಶನ್ನಿನ ಮುಂದೆ ಆ ಸಂತೆ ಏನೇನೂ ಅಲ್ಲ ಬಿಡಿ.

ಅದು ಲಡಾಯಿಯ ಕಾಲ. ಗಾಡಿ ಕಡಿಮೆ, ಮಂದಿ ಜಾಸ್ತಿ. ಪ್ಲಾಟ್‌ಫಾರ್ಮಿನ ತುಂಬ ಸೇಂಗಾ ಚೀಲ, ಟ್ರಂಕು, ಹಾಸಿಗೆ ಸುರುಳಿ, ಕೋಳಿ ಬುಟ್ಟಿ. "ಹಟೋ! ಹಟೋ!" ಅಂತ ಹಮಾಲರು ಮೈಮೇಲೇ ಬರುತ್ತಿದ್ದರು. ಒಂದು ಕಿವಿಯಲ್ಲಿ ಉರ್ದು, ಇನ್ನೊಂದು ಕಿವಿಯಲ್ಲಿ ತೆಲುಗು.

"ಅವ್ವಾ, ಗಾಡಿ ಯಾವಾಗ ಬರ್ತದ?"

"ಬರ್ತದ, ಸುಮ್ಮ ನಿಂದ್ರು ಅವ್ವೀ," ಅಂದಳು ಅವ್ವ ಸೂಗಮ್ಮ.

"ತಪ್ಪಿದ್ರ?"

"ತಪ್ಪಿದ್ರ ನಿನ್ನ ಸೋದರಮಾವನ ಮದಿವಿ ನಾವಿಲ್ದನ ಆಗ್ತದ. ನಾಳೆ ಮುಂಜಾನೆ ಅಕ್ಕಿಕಾಳು. ಇವತ್ತ ರಾಯಚೂರಿಗೆ ಇದೊಂದ ಗಾಡಿ."

ಅಪ್ಪ ದೊಡ್ಡ ಗಂಟುಗಳನ್ನು ಹೊತ್ತು ಗಂಡಸರ ಡಬ್ಬಿ ನಿಲ್ಲುವ ಕಡೆ ಹೋಗಿದ್ದ. ಹೆಂಗಸರದು ಜನಾನಾ ಡಬ್ಬಿ. ಅದು ಇಲ್ಲೇ ಎಲ್ಲೋ ನಿಲ್ಲುತ್ತದಂತೆ. ಎಲ್ಲಿ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

"ನನ್ನ ಗೆಳತಿ ಮೌನಮ್ಮನ ಅವ್ವ ಆಕಿನ್ನ ಹೆಸರು ಹಿಡದು ಕರೀತಾಳ. ನೀ ನನಗ ಒಮ್ಮೆರ ಕರದೀಯೇನು?" ಮರಿಲಿಂಗಮ್ಮ ಗೊಣಗಿದಳು. ಶಹಾಪುರ ಬಿಟ್ಟಾಗಿನಿಂದ ಇದೇ ರಾಗ.

"ಏ ಹುಚ್ಚಿ! ಅದು ನಮ್ಮವ್ವನ ಹೆಸರು," ಅಂದಳು ಅನ್ನಮ್ಮತ್ತಿ. "ಸೊಸಿ ಬಾಯಾಗ ಅತ್ತಿ ಹೆಸರು ಬಂದ್ರ ಕೇಳಿದ ಮಂದಿ ಏನಂದಾರು?"

ಮರಿಲಿಂಗಮ್ಮ ಅನ್ನುವುದು ತೀರಿಹೋದ ಅಜ್ಜಿಯ ಹೆಸರು. ಹಾಗಾಗಿ ಮನೆಯಲ್ಲಿ ಇವಳು ಎಲ್ಲರಿಗೂ ಬರೀ ಅವ್ವಿ. ಅವಳ ನಿಜವಾದ ಹೆಸರು ಕೇಳಿಸುತ್ತಿದ್ದದ್ದು ಸಾಲೆಯಲ್ಲಿ ಮಾತ್ರ. ಮಾಸ್ತರರು "ಮರಿಲಿಂಗಮ್ಮ!" ಅಂದ ಕೂಡಲೇ ಎದ್ದು ನಿಂತು "ಹಾಜಿರ್!" ಅನ್ನಬೇಕು. ಅಷ್ಟು ಅಂದು ಕುಳಿತರೆ ಮತ್ತೆ ಮರುದಿನದವರೆಗೆ ಆ ಹೆಸರಿಗೆ ಕೆಲಸವಿಲ್ಲ.

ಅಷ್ಟರಲ್ಲಿ ಢಣ ಢಣ ಅಂತ ಗಂಟೆ ಬಾರಿಸಿದರು. ಕೂತವರೆಲ್ಲ ಎದ್ದರು. ಎದ್ದವರೆಲ್ಲ ಓಡಿದರು. ಇಂಜಿನ್ನು ಹೊಗೆ ಕಾರುತ್ತ ಬಂದೇ ಬಿಟ್ಟಿತು.

ಎಲ್ಲಿಂದಲೋ ಒಂದು ಚೀಲ ಬಂದು ಮರಿಲಿಂಗಮ್ಮನ ಹೆಗಲಿಗೆ ಬಡಿಯಿತು. ಕೈ ಜಾರಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅವಳು ಮತ್ತೆ ಸೆರಗು ಹಿಡಿದಳು. ಹಿಡಿದುಕೊಂಡೇ ಓಡಿದಳು. ಸೆರಗು ಬಲಕ್ಕೆ ಹೋದರೆ ಬಲಕ್ಕೆ, ಎಡಕ್ಕೆ ಹೋದರೆ ಎಡಕ್ಕೆ.

"ಅಯ್ಯ ಶಿವನ! ಯಾರ ಕೂಸವ್ವಾ ನೀ? ನನ್ನ ಸೀರಿ ಯಾಕ ಜಗ್ಗಾಕತ್ತಿ?"

ಮರಿಲಿಂಗಮ್ಮ ತಲೆ ಎತ್ತಿದಳು. ಅವಳು ಹಿಡಿದಿದ್ದು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಒಬ್ಬ ಹೆಂಗಸಿನ ಸೆರಗು. ಅದೂ ಇಲಕಲ್ ಸೀರೆ, ಅದೇ ಕೆಂಪು. ಸುತ್ತ ನೋಡಿದರೆ ಎಲ್ಲರ ಸೆರಗೂ ಕೆಂಪು!

"ನಮ್ಮವ್ವ... ನಮ್ಮವ್ವ..." ಅವಳು ಬಿಕ್ಕತೊಡಗಿದಳು.

"ಅಳಬ್ಯಾಡ. ಈ ಕಂಬ ಹಿಡಕೊಂಡು ನಿಂದ್ರು. ನೀನೂ ಓಡಾಡಿ ಆಕಿನೂ ಓಡಾಡಿದ್ರ ಒಬ್ಬರಿಗೊಬ್ರು ಸಿಗಂಗಿಲ್ಲ," ಅಂದಳು ಮೀನಿನಾಕೆ. ತಾನೂ ಪಕ್ಕದಲ್ಲೇ ನಿಂತಳು.

"ಅವ್ವೀ! ಏ ಅವ್ವೀ!"

ಮರಿಲಿಂಗಮ್ಮ ಆ ಕಡೆ ತಿರುಗಿದಳು. ಬೇರೆ ಯಾವುದೋ ಹುಡುಗಿ "ಬಂದೆ ಯವ್ವಾ" ಅಂತ ಓಡಿದಳು. ಹಿಂದಿನಿಂದ ಇನ್ನೊಂದು "ಅವ್ವೀ!" ಅದಕ್ಕೆ ಮೂಗುಬಟ್ಟಿನ ಹುಡುಗಿಯೊಬ್ಬಳು ಓಗೊಟ್ಟಳು. ಟೇಶನ್ನಿನಲ್ಲಿ ಎಷ್ಟು ಅವ್ವಂದಿರು, ಎಷ್ಟು ಅವ್ವಿಯರು! ಈ ಕೂಗುಗಳಲ್ಲಿ ತನ್ನದು ಯಾವುದು?

ಗಾರ್ಡ್ ಸೀಟಿ ಊದಿದ. ಮರಿಲಿಂಗಮ್ಮ ಕಂಬವನ್ನು ಎರಡೂ ಕೈಯಿಂದ ತಬ್ಬಿಕೊಂಡಳು.

"ಮರಿಲಿಂಗಮ್ಮಾ!"

ಇಲ್ಲಿ ಮಾಸ್ತರರು ಎಲ್ಲಿಂದ ಬಂದರು? ಅಲ್ಲ, ಇದು ಹೆಣ್ಣು ದನಿ. ಒಡೆದ ದನಿ.

"ಮರಿಲಿಂಗಮ್ಮಾ! ಏ ಮರಿಲಿಂಗಮ್ಮಾ!"

ಅವಳ ಬೆನ್ನು ತಾನೇ ನೆಟ್ಟಗಾಯಿತು.

"ಹಾಜಿರ್!"

ಅಲ್ಲಿದ್ದ ಪೊಲೀಸನೊಬ್ಬ ಗಾಬರಿಯಾಗಿ ತಿರುಗಿ ನೋಡಿದ. ಮೀನಿನಾಕೆ ಬುಟ್ಟಿ ಅಲುಗುವಂತೆ ನಕ್ಕಳು. ದೂರದ ಡಬ್ಬಿಯ ಬಾಗಿಲಲ್ಲಿ ಅವ್ವ ಅರ್ಧ ಮೈ ಹೊರಗೆ ಚಾಚಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಜಾರಿ ಹೆಗಲಿಗೆ ಬಿದ್ದಿತ್ತು. ಅದರ ಪರಿವೆಯೇ ಅವಳಿಗಿರಲಿಲ್ಲ.

"ದಾರಿ ಬಿಡ್ರೋ! ಮೀನಿನ ನೀರು ಸುರದೀತು ನೋಡ್ರಿ!" ಅಂದಳು ಮೀನಿನಾಕೆ. ಮಂದಿ ಸರ್ರನೆ ಸರಿದರು. ಮರಿಲಿಂಗಮ್ಮ ಓಡಿದಳು. ಅವ್ವನ ಕೈ ಅವಳ ರಟ್ಟೆ ಹಿಡಿದು ಮೇಲೆ ಎಳೆದುಕೊಂಡಿತು. ಗಾಡಿ ಜಗ್ಗಿ ಹೊರಟಿತು.

ಡಬ್ಬಿಯೊಳಗೆ ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೆಳಗೆ ನೋಡುತ್ತ ಕೂತಳು.

"ತಪ್ಪಾತ್ರೀ ಅಕ್ಕಾರ," ಅಂದಳು ಮೆಲ್ಲಗೆ. "ಅವ್ವೀ ಅಂದ್ರ ಎಲ್ಲಾ ಹುಡುಗ್ಯಾರೂ ತಿರುಗಾಕತ್ತಿದ್ರು. ಬಾಯಿಗೆ ಬಂದು ಬಿಡ್ತು."

ಅನ್ನಮ್ಮತ್ತಿ ಮುಖ ಗಂಟು ಹಾಕಿಕೊಂಡೇ ಕಿಟಕಿ ಕಡೆ ನೋಡಿದಳು. ಆಮೇಲೆ ನಗುವಿಗೆ ಅವಳ ಹೊಟ್ಟೆ ಕುಲುಕತೊಡಗಿತು.

"ನಮ್ಮವ್ವ ಒಮ್ಮೆನೂ ರೈಲು ಹತ್ತಿದಾಕಿ ಅಲ್ಲ. ನೀ ಆ ಪರಿ ಒದರಿದ್ದು ಕೇಳಿದ್ರ, ಸೊಸಿ ನನ್ನನ್ನ ಕರ್ಯಾಕತ್ತಾಳ ಅಂತ ಓಡಿ ಬಂದು ಹತ್ತತಿದ್ಲು ನೋಡು!"

ಡಬ್ಬಿಯ ಹೆಂಗಸರೆಲ್ಲ ನಕ್ಕರು. ಅವ್ವ ನಗುತ್ತಲೇ ಕಣ್ಣು ಒರೆಸಿಕೊಂಡಳು.

ಮರಿಲಿಂಗಮ್ಮ ಅವ್ವನ ಕಿವಿಗೆ ಬಾಯಿ ಹಚ್ಚಿದಳು. "ಅವ್ವಾ, ಇನ್ನೊಮ್ಮೆ ಕರಿ."

"ಸುಮ್ಮ ಕುಂದ್ರು ಅವ್ವೀ."

ಮುಂದೆ ಕೃಷ್ಣೆಯ ಸೇತುವೆ ಬಂತು. ಗಾಡಿಯ ಸದ್ದು ಧಡಧಡ ಅಂತ ದೊಡ್ಡದಾಯಿತು. ಹೆಂಗಸರೆಲ್ಲ ಎದ್ದು ಹೊಳೆಗೆ ಕೈ ಮುಗಿದರು. ಅವ್ವ ತನ್ನ ಬಳಿಯಿದ್ದ ಮದುವೆಯ ಸಣ್ಣ ಗಂಟಿನಿಂದ ಎಲೆ-ಅಡಿಕೆ ತೆಗೆದು ಕಿಟಕಿಯಿಂದ ನೀರಿಗೆ ಬಿಟ್ಟಳು. ಅದು ಹೊಳೆಗೆ.

ಆಮೇಲೆ ಇನ್ನೊಂದು ಎಲೆ, ಇನ್ನೊಂದು ಅಡಿಕೆ ತೆಗೆದಳು. ಕಣ್ಣು ಮುಚ್ಚಿ, ತಪ್ಪಾತ್ರೀ ಅನ್ನುವಂತೆ ತುಟಿ ಅಲ್ಲಾಡಿಸಿ, ಅದನ್ನೂ ಬಿಟ್ಟಳು. ಅದು ಯಾರಿಗೆ ಅಂತ ಮರಿಲಿಂಗಮ್ಮ ಕೇಳಲಿಲ್ಲ. ತಾನೂ ಕೈ ಮುಗಿದಳು.